ಮೂರು ಕಣ್ಣಿನ ತಗಡು

ಡಿಪ್‌ಸ್ಟಿಕ್ ಎಳೆದು ಬಿಸಿಲಿಗೆ ಹಿಡಿದ ಹೊನ್ನೂರಸಾಬ
ಏನೂ ಅನ್ನಲಿಲ್ಲ.
ಜೀನ್ಸಿನ ಚೂರಿಗೆ ಒರೆಸಿ, ಮತ್ತೆ ಅದ್ದಿ, ಮತ್ತೆ ಹಿಡಿದ.
ಹಾಲು ಹೆಚ್ಚಾದ ಚಹಾದ ಬಣ್ಣ.
ಎಣ್ಣೆ ಹಾಕುವ ಮುಚ್ಚಳ ತಿರುವಿದರೆ ಒಳಗೆ ಬೆಣ್ಣೆಯಂಥದು,
ಬೆರಳಲ್ಲಿ ತೆಗೆದು ಮೂಸಿದ, ನನ್ನ ಮೂಗಿಗೂ ಹಿಡಿದ.
ಸಿಹಿ ವಾಸನೆ. ಕೂಲಂಟು.

"ಎಣ್ಣೆಗೂ ನೀರಿಗೂ ಆಗಿಬರಲ್ಲ ಅಂತಾರೆ,
ಇಲ್ಲಿ ನೋಡಮ್ಮಾ, ಹೆಂಗೆ ಸಂಸಾರ ಹೂಡ್ಯಾವೆ."
ಆಮೇಲೆ ಬಾನೆಟ್ಟಿನೊಳಗಿಂದಲೇ, ತಲೆ ಎತ್ತದೆ:
"ಮುಳ್ಳು ಯಾವತ್ತು ಏರಿತ್ತು?"
"ಏರಿಲ್ಲ" ಅಂದೆ.

ಹದಿಮೂರು ವರ್ಷದ ಡ್ರೈವಿಂಗ್ ಸ್ಕೂಲು ನನ್ನದು,
ಕೌಲ್ ಬಜಾರಿನ ಅರ್ಧ ಹೆಂಗಸರಿಗೆ ನಾನೇ ಮೇಡಂ.
ಮುಳ್ಳು ನೋಡದವಳು ಅನ್ನಿಸಿಕೊಳ್ಳಲಾರೆ.
ನೋಡಿಯೂ ಬಿಟ್ಟವಳು ಅಂತ
ಯಾವ ಬಾಯಲ್ಲಿ ಹೇಳಲಿ?

ಗಾಡಿ ಒಂದು ರಾತ್ರಿ ಅಲ್ಲೇ ನಿಂತಿತು.
ಬೆಳಿಗ್ಗೆ ಅಡಿಯ ಬೋಲ್ಟು ಸಡಿಲಿಸಿದರೆ
ಮೊದಲು ಬಂದದ್ದು ನೀರು, ಹಸಿರು, ಒಂದು ಲೋಟದಷ್ಟು,
ರಾತ್ರಿಯೆಲ್ಲ ಕೆಳಗಿಳಿದು ಕಾದು ಕೂತಿತ್ತು.
ಹಿಂದೆಯೇ ಗೊಜ್ಜು.
ಮೂರು ಪ್ಲಗ್ಗು ಬಿಚ್ಚಿ ಸಾಲಾಗಿ ಇಟ್ಟ:
ಒಂದನೆಯದು ಮಸಿ, ಮೂರನೆಯದು ಮಸಿ,
ನಡುವಿನದು ಹಬ್ಬಕ್ಕೆ ತೊಳೆದಿಟ್ಟ ಹಾಗೆ ಬೆಳ್ಳಗೆ.

ಹೆಡ್ ಎತ್ತಿ ಕಟ್ಟೆಯ ಮೇಲೆ ಮಗುಚಿ
ಉಕ್ಕಿನ ಪಟ್ಟಿ ಅಡ್ಡ ಇಟ್ಟ.
ಪಟ್ಟಿಯಡಿ ಬೆಳಕು ನುಸುಳಿತು, ಕೂದಲಿನಷ್ಟು.
"ಏರಿತ್ತು" ಅಂದ.
ಈ ಸಲ ಅದು ಪ್ರಶ್ನೆಯಾಗಿರಲಿಲ್ಲ.

ಏರಿತ್ತು.
ಮೇ ತಿಂಗಳು, ಸುಧಾ ಕ್ರಾಸಿನ ರೈಲ್ವೆ ಗೇಟು,
ಅದಿರಿನ ಗೂಡ್ಸು ಮುಗಿಯುವುದೇ ಇಲ್ಲ.
ಸ್ಟೇರಿಂಗಿಗೆ ತಿಪ್ಪಕ್ಕ. ನಲವತ್ತಾರು.
ಜೀನ್ಸ್ ಯೂನಿಟ್ಟಿನಲ್ಲಿ ಇಪ್ಪತ್ತು ವರ್ಷ ಮಿಷನ್ನು ತುಳಿದ ಕಾಲು,
ಕ್ಲಚ್ಚನ್ನೂ ಹಾಗೇ ತುಳಿಯುತ್ತದೆ, ಟಕ್ ಟಕ್ ಟಕ್,
ಗಾಡಿ ಕೆಮ್ಮಿ ಕೆಮ್ಮಿ ಸಾಯುತ್ತದೆ.
ಹನ್ನೊಂದು ದಿನದ ಕ್ಲಾಸು,
ಒಮ್ಮೆಯೂ ಏರಿನಲ್ಲಿ ಎತ್ತಿರಲಿಲ್ಲ.
ಸ್ವಂತ ಲೋಡ್ ಆಟೋ ಅವಳ ಲೆಕ್ಕ,
ಬಂಡಲ್ಲಿಗಿಷ್ಟು ಅಂತ ಬಾಡಿಗೆ ಕೊಟ್ಟು ಕೊಟ್ಟು ರೋಸಿದ್ದಳು.

ಗೇಟು ಎದ್ದಿತು. ಹಿಂದೆ ಬಸ್ಸಿನ ಹಾರ್ನು.
ಮುಳ್ಳು ಆಗಲೇ ಕೆಂಪು ದಾಟಿತ್ತು, ಕಂಡಿತು ನನಗೆ,
ನನ್ನ ಕಡೆಯ ಬ್ರೇಕಿನ ಮೇಲೆಯೇ ನನ್ನ ಕಾಲಿತ್ತು.
ಆಗ ತಿಪ್ಪಕ್ಕ ಉಸಿರು ಹಿಡಿದು
ದಾರ ಬಿಟ್ಟ ಹಾಗೆ ಬಿಟ್ಟಳು ಕ್ಲಚ್ಚು,
ಎಳೆ ಎಳೆಯಾಗಿ.
ಗಾಡಿ ನಡುಗಲಿಲ್ಲ. ಹಳಿ ಹತ್ತಿತು, ಇಳಿಯಿತು.
"ಎರಡನೇ ಗೇರ್ ಹಾಕ್ಲಾ ಮೇಡಂ?"
ಹಾಕ್ರಿ ಅಂದೆ.
ಮೂರನೇದೂ ಹಾಕ್ರಿ ಅಂದೆ.
ಗುಡ್ಡದ ಕೋಟೆ ಕನ್ನಡಿಯಲ್ಲಿ ಹಿಂದೆ ಸರಿಯಿತು,
ನಾನು ಎದುರಿನ ಡಬ್ಬದತ್ತ ನೋಡಲಿಲ್ಲ.

ಹೆಡ್ಡು ಲೇತಿಗೆ ಹೋಗಿ ಸಪಾಟಾಗಿ ಬಂತು.
ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಬಿಗಿದ,
ಒಮ್ಮೆಗೇ ಅಲ್ಲ, ಮೂರು ಸುತ್ತು,
ಪ್ರತಿ ಸುತ್ತಿಗೂ ಬೀಡಿಯಷ್ಟು ಬಿಡುವು.
ಮೊದಲ ಎಣ್ಣೆ ಒಳಗೆಲ್ಲ ಬಾಯಿ ಮುಕ್ಕಳಿಸಲಿಕ್ಕೆ,
ಹತ್ತು ನಿಮಿಷ ಓಡಿಸಿ ಚೆಲ್ಲಿದ.
ಎರಡನೆಯದೂ ಮಬ್ಬು.
ಮೂರನೆಯದು ಕಡ್ಡಿಯ ಮೇಲೆ ನಿಂತಿತು, ಜೇನಿನ ಹಾಗೆ,
ಅದರಾಚೆ ಅವನ ಹೆಬ್ಬೆರಳ ಗೆರೆ ಕಂಡವು.
ಹತ್ತು ಸಾವಿರದ ಆರುನೂರು.
ನೂರು ಬಿಟ್ಟ.
"ಸುಳ್ಳಿಗೆ ಡಿಸ್ಕೌಂಟು ಇಲ್ಲಮ್ಮಾ,
ಇದು ಚಹಾಕ್ಕೆ."

ಹಳೇ ಗ್ಯಾಸ್ಕೆಟ್ಟು ಕೇಳಿ ಇಸಿದುಕೊಂಡೆ.
ಮೂರು ದೊಡ್ಡ ಕಣ್ಣು,
ನಡುವಿನದರ ಅಂಚಿನಲ್ಲಿ ಇಲಿ ಕಚ್ಚಿದಷ್ಟು ಸುಟ್ಟಿದೆ.
ಸ್ಕೂಲಿನ ಗೋಡೆಯಲ್ಲಿ,
ಯೂ ಟರ್ನ್ ಇಲ್ಲ, ಹಾರ್ನ್ ಇಲ್ಲ, ಮುಂದೆ ಗೇಟಿದೆ,
ಆ ಪಟದ ಪಕ್ಕ ಮೊಳೆ ಹೊಡೆದು ತೂಗಿದ್ದೇನೆ.

ಲೈಸೆನ್ಸು ತೋರಿಸಲು ಪೇಡೆ ತಂದ ತಿಪ್ಪಕ್ಕ
ಅದನ್ನೇ ನೋಡುತ್ತ ನಿಂತಳು.
"ಇದ್ಯಾವ ಸಿಗ್ನಲ್ಲು ಮೇಡಂ?
ಪರೀಕ್ಷೆಗೆ ಬಂದಿರಲೇ ಇಲ್ಲ."