ಖಾಡೆ

ಬಾಣೇರದ ಕೆಫೆಗೆ ಬಾಗಿಲೊಂದು ಬಂದಿಳಿಯಿತು,
ಮೇಜಾಗಲು.
ಹಳೇ ಸಾಗುವಾನಿ. ಟೆಂಪೋದಿಂದ ಇಳಿಸಲು
ನಾಲ್ವರು ಬೇಕಾದೆವು.
ಚಿಲಕದ ಹಿತ್ತಾಳೆಯನ್ನು ಯಾರೋ ಮೊದಲೇ ಕಿತ್ತಿದ್ದರು.

ಅಗುಳಿಯ ಗೂಡು ನೋಡಿ ಅನುಮಾನ.
ಇಲಿ ಕಡಿದ ಮೂಲೆಗೆ ಬಡಿದ
ತಗಡಿನ ತೇಪೆ ನೋಡಿ ಖಾತ್ರಿ:
ನಾರಾಯಣ ಪೇಟೆ, ಗೋಗಟೆ ವಾಡೆ.
ಅಲ್ಲೀಗ ಏಳು ಅಂತಸ್ತು, ಕೆಳಗೆ ಬ್ಯಾಂಕು.
ತೇಪೆಯ ತಗಡು ಡಾಲ್ಡಾ ಡಬ್ಬಿಯದು,
ಡಬ್ಬಿ ನಮ್ಮದು.

ಹನ್ನೆರಡು ವರ್ಷ ಅವ್ವ ಆ ಬಾಗಿಲ ಒಳಗೆ
ಹಿತ್ತಿಲ ನಳದಡಿ ಕೂತು ಪಾತೇಲಿ ತಿಕ್ಕಿದಳು.
ಗುರುವಾರ ಸಂಜೆ ಮಾಳಿಗೆಯಲ್ಲಿ ಹಾಡಿಕೆ.
ತಂಬೂರಿ ಶ್ರುತಿಗೂಡಿದ ಮೇಲೆ
ನಳ ಸಣ್ಣಗೆ ಬಿಡಬೇಕು,
ಪಾತ್ರೆಗೆ ಪಾತ್ರೆ ತಾಗಬಾರದು,
ಅದು ಕರಾರು.
ನಾನು ಪಕ್ಕದಲ್ಲಿ ಬೂದಿಯೊಳಗೆ ಗೆರೆ ಎಳೆಯುತ್ತ
ಮೆಟ್ಟಿಲ ಬುಡದ ಚಪ್ಪಲಿ ಎಣಿಸುತ್ತಿದ್ದೆ.

ಬಾಗಿಲು ಮಗುಚಿದೆ. ಒಳಮೈ.
ಉಜ್ಜುಕಾಗದ ಹಿಡಿದ ಕೈ ನಿಂತಿತು:
ಪೆನ್ಸಿಲ್ ಗೆರೆ. ನಾಲ್ಕು ನೆಟ್ಟಗೆ, ಒಂದು ಅಡ್ಡ,
ಮತ್ತೆ ನಾಲ್ಕು ನೆಟ್ಟಗೆ.
ಪಕ್ಕಕ್ಕೆ ನನಗೆ ಬಾರದ ಮೋಡಿ ಲಿಪಿ.
ಖಾಡೆ, ಅಂದುಕೊಂಡೆ. ಅವ್ವನ ಖಾಡೆ.
ಬರದ ದಿನಕ್ಕೊಂದು ಗೆರೆ,
ಗೆರೆಗೆ ಹತ್ತು ರೂಪಾಯಿ ಕಡಿತ.
ಇದು ನನಗೆ ದಡಾರ ಎದ್ದ ವಾರ.
ಇವು ಅಪ್ಪ ತೀರಿದಾಗಿನ ಮೂರು.
ಮೂರೇ. ನಾಲ್ಕನೆಯದಿಲ್ಲ.

ಕೇತಕಿ ಮೇಡಂ ಕಾಫಿ ಹಿಡಿದು ಬಂದಳು.
ಹೇಳಬಾರದಿತ್ತು, ಹೇಳಿಬಿಟ್ಟೆ.
ಅವಳ ಕಣ್ಣು ತುಂಬಿದವು, ನಿಜವಾಗಿಯೂ.
ಉಜ್ಜಬೇಡ, ಅಂದಳು, ಮೇಲೆ ಗಾಜು ಹಾಕು.
ಉಜ್ಜದಷ್ಟಕ್ಕೆ ಬಿಲ್ಲಿನಲ್ಲಿ ಕಳೆದುಕೊಂಡಳು,
ಅದೂ ಸರಿಯೇ.
ಮರುವಾರ ಗೋಡೆಗೊಂದು ಬರಹ:
ದುಡಿದ ತಾಯಿಯೊಬ್ಬಳ ದಿನಗಳು.
ಚೌಕಟ್ಟನ್ನೂ ನನ್ನ ಕೈಲೇ ಮಾಡಿಸಿದಳು.
ಜನ ಕೇಕಿನ ತಟ್ಟೆ ಆಚೆ ಸರಿಸಿ
ಬಾಗಿ ಫೋಟೋ ತೆಗೆಯುತ್ತಾರೆ.

ಜನತಾ ವಸಾಹತಿನ ಮೆಟ್ಟಿಲು ಹತ್ತಿ
ಅವ್ವನಿಗೆ ಫೋನಿನಲ್ಲಿ ತೋರಿಸಿದೆ.
ದೂರ ಹಿಡಿದು, ಹತ್ತಿರ ಹಿಡಿದು ನೋಡಿ
ಬಿದ್ದು ಬಿದ್ದು ನಕ್ಕಳು.
“ಹುಚ್ಚಪ್ಪಾ, ಇದು ಹಾಲಿನ ಲೆಕ್ಕ!
ಎಮ್ಮಿದು ಇಷ್ಟು, ಆಕಳದು ಇಷ್ಟು.
ನನ್ನ ಖಾಡೆ ಬರದಿಡೂದು ಯಾಕ ಬೇಕಿತ್ತು ಆ ಮುದುಕಿಗೆ?
ಎಲ್ಲಾ ಬಾಯಾಗ ಇರತಿತ್ತು.”

ಕೆಫೆಗೆ ಹೋಗಿ ನಾನಿದನ್ನು ಹೇಳಿಲ್ಲ.
ಚೌಕಟ್ಟಿನ ಹಣ ಇನ್ನೂ ಬರಬೇಕು.

ಅಲ್ಲೂ ಈಗ ಗುರುವಾರ ಹಾಡಿಕೆ, ಅಂದೆ,
ಮಾತು ತಿರುಗಿಸಲು. ಚೀಟಿಗೆ ಎಂಟುನೂರು.
ಅವ್ವ ತಿಕ್ಕುತ್ತಿದ್ದ ತಾಟು ಕೆಳಗಿಟ್ಟಳು.
“ಒಂದ ಗುರುವಾರಕ್ಕ ಎಂಟನೂರು?
ಹನ್ನೆರಡು ವರ್ಷ ಪುಕ್ಕಟ ಕೇಳೀನಲ್ಲೋ!
ಚಂದ ಹಾಡಿದ್ದೂ ಕೇಳೀನಿ, ಕೆಟ್ಟ ಹಾಡಿದ್ದೂ ಕೇಳೀನಿ.”
ನೊರೆ ಬೆರಳಿನಿಂದ ಕಟ್ಟೆಯ ಮೇಲೆ
ಐವತ್ತೆರಡು ಬರೆದಳು, ಕೆಳಗೆ ಹನ್ನೆರಡು,
ಗೆರೆ ಎಳೆಯುವಾಗ ತಡೆದಳು.
“ತಡಿ, ಇದರಾಗ ಖಾಡೆ ಕಳೀಬೇಕು.
ನಿನ್ನ ದಡಾರದ್ದು ಒಂದು.
ನಿಮ್ಮಪ್ಪಂದು… ಅವತ್ತು ಯಾವ ವಾರ ಇತ್ತೋ?”

ನನಗೂ ನೆನಪಾಗಲಿಲ್ಲ.
ನೊರೆಯ ಅಂಕಿ ಒಂದೊಂದೇ ಒಡೆಯುತ್ತಿದ್ದವು.
ನಳ ಈಗಲೂ
ಸಣ್ಣಗೇ ಬಿಟ್ಟಿದ್ದಳು.