ಬಟ್ಟಲು ಮುಟ್ಟಿ ನೋಡು

ಅಂಗಡಿಯಲ್ಲಿ ಬಿಳಿ ಎಂದರೆ ಸಾಲದು.
ಯಾವ ಬಿಳಿ ಎಂದಳು ಗುನ್ವೋರ್
ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ.
ಅವಳ ಬೆನ್ನ ಹಿಂದೆ ಕಪಾಟಿನಲ್ಲಿ ಹನ್ನೊಂದು ಬಿಳಿ:
ಮೊಟ್ಟೆಚಿಪ್ಪು, ಬರ್ಚ್ ತೊಗಟೆ, ಕಡಲಹಕ್ಕಿಯ ಎದೆ,
ಏಪ್ರಿಲ್ಲಿನ ಕೊಳಕು ಮಂಜುಗಡ್ಡೆ,
ಆಸ್ಪತ್ರೆಯ ಗೋಡೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು
ದೋಣಿ ಇಟ್ಟುಕೊಂಡವರಿಗೆ ತಡವಾಗಿ ತಿಳಿಯುತ್ತದೆ.

ನನ್ನದು ಎಪ್ಪತ್ತೆಂಟರ ದೋಣಿ.
ಅಚ್ಚಿನಿಂದ ಎದ್ದ ದಿನ ಅದರ ಬಣ್ಣಕ್ಕೂ ಒಂದು ನಂಬರಿತ್ತು.
ಆಮೇಲೆ ಬಿಸಿಲು, ಉಪ್ಪು, ಡೀಸೆಲ್ ಹೊಗೆ,
ಪರ್ಚ್ ಮೀನಿನ ಲೋಳೆ, ಅಪ್ಪನ ಪೈಪಿನ ಬೂದಿ.
ಈಗಿನ ಬಣ್ಣ ಯಾವ ಪಟ್ಟಿಯಲ್ಲೂ ಇಲ್ಲ.
ಹುಟ್ಟಿದ ಬಿಳಿಗಲ್ಲ,
ಆಗಿಹೋದ ಬಿಳಿಗೆ ಹೊಂದಿಸಬೇಕು.
ಗುನ್ವೋರ್ ಎರಡು ಟ್ಯೂಬು ಮುಂದಿಟ್ಟಳು, ಹಳದಿ, ಕಂದು:
"ಸೂಜಿಮೊನೆಯಷ್ಟು. ನೋಡಿ, ಇನ್ನೊಂದು ಸೂಜಿಮೊನೆ.
ಅವಸರ ಮಾಡಿದರೆ ಬೆಣ್ಣೆಯಾದೀತು."

ಬೇಕಾದದ್ದು ಮೂರು ಚಮಚ ಜೆಲ್‌ಕೋಟ್,
ಮಾರುವುದು ಅರ್ಧ ಕಿಲೋ ಡಬ್ಬಿ.
ಡಬ್ಬಿಯ ಮೈಮೇಲೆ ಅದು ಸಾಯುವ ತಾರೀಕು.
"ಮೇಣ ಬೆರೆಸಿದ್ದೋ, ಬೆರೆಸದ್ದೋ?"
ಬೆರೆಸದ್ದು ಎಂದೆ, ಎಲ್ಲ ಗೊತ್ತಿರುವವಳ ಹಾಗೆ.

ಹಳದಿ ಫೆರಿಯಲ್ಲಿ ಕೊರ್ಪೊ ದ್ವೀಪಕ್ಕೆ ಮರಳಿ
ಎಂಟು ದಿನ ಕಾದೆ.
ಹದಿನೈದು ಡಿಗ್ರಿ ದಾಟದೆ ಅದು ಗಟ್ಟಿಯಾಗದು;
ಬೇಲಿಗೆ ಕಟ್ಟಿದ ಥರ್ಮಾಮೀಟರು
ಹದಿಮೂರರಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.

ಬೇಲಿಯಾಚೆ ವಿಲ್ಯಾಮ್, ಹದಿನಾಲ್ಕು ವರ್ಷ.
ಏಪ್ರಿಲ್ಲಿನಲ್ಲಿ ನಾನು ಟಾರ್ಪಾಲು ಸರಿಸಿದಾಗ
ಅವನ ಕಿವಿ ಎರಡೂ ಕೆಂಪಗಾಗಿದ್ದವು.
ಚಳಿಗಾಲವಿಡೀ ನನಗೆ ತಿಳಿಯದ ಗಾಯ
ಅವನಿಗೆ ತಿಳಿದೇ ಇತ್ತು.
ನಾನು ಕೇಳಲಿಲ್ಲ.
ಹದಿನಾರು ಡಿಗ್ರಿಯಾದ ದಿನ ತಾನಾಗಿ ಬಂದ,
ಅಮ್ಮನ ಅಡುಗೆಯ ಏಪ್ರನ್ ಕಟ್ಟಿಕೊಂಡು.

ಬಿರುಕು ಕೂದಲೆಳೆಯಷ್ಟು.
ಡಬ್ಬಿ ತೆರೆಯುವ ಕೊಕ್ಕೆಯನ್ನು ಅವನ ಕೈಗೆ ಕೊಟ್ಟು
ಅಗಲ ಮಾಡು ಎಂದೆ.
"ಇನ್ನೂ ಹಾಳಾಗುತ್ತದಲ್ಲ?"
ಆಗಲಿ. ಕೂದಲೆಳೆಯೊಳಗೆ ಏನೂ ನಿಲ್ಲುವುದಿಲ್ಲ.
ಅವನು ಉಸಿರು ಬಿಗಿಹಿಡಿದು ಕೆರೆದ,
ಬಿಳಿ ಪುಡಿ ಅವನ ಬೂಟಿನ ಮೇಲೆ ಉದುರಿತು.
ಅಸಿಟೋನ್ ಒರೆಸಿದೆವು. ಕೈ ತಣ್ಣಗಾಯಿತು.

ಬಣ್ಣ ಕಲಸುವಾಗ ಮೋಡ ಬಂತು;
ಮೋಡ ಬಂದರೆ ಬಿಳಿಯೂ ಬೇರೆ.
ಕಾದೆವು.
ಸಾಕು ಎಂದೆ ನಾನು.
"ಇನ್ನೊಂದು ಚೂರು ಕಂದು," ಎಂದ ಅವನು,
ಅವನು ಹೇಳಿದ್ದೇ ಸರಿಯಿತ್ತು.
ಆ ಜಾಗವನ್ನು ನನಗಿಂತ ಹೆಚ್ಚು ಸಲ ನೋಡಿದವನು.

ಗಟ್ಟಿಮಾಡುವ ಹನಿಗಳನ್ನು ಇಬ್ಬರೂ ಜೋರಾಗಿ ಎಣಿಸಿದೆವು.
ಹೆಚ್ಚಾದರೆ ಸುಟ್ಟು ಸೀಳುತ್ತದೆ,
ಕಡಿಮೆಯಾದರೆ ಎಂದೆಂದಿಗೂ ಅಂಟು.
ಹನ್ನೆರಡು. ಬಳಿದೆವು. ತುಸು ಉಬ್ಬಾಗಿ.

ಡಬ್ಬಿಯ ಹಿಂಬದಿ ಓದಿದ್ದು ಬಳಿದ ಮೇಲೆ.
ಗುನ್ವೋರ್‌ಗೆ ಫೋನು ಮಾಡಿದರೆ ನಗು:
"ಮೇಣವಿಲ್ಲದ್ದು ಗಾಳಿ ಸೋಕಿದರೆ ಒಣಗುವುದಿಲ್ಲ ಮಾರಾಯ್ತಿ,
ಮುಚ್ಚಿಡು!"
ವಿಲ್ಯಾಮ್ ಓಡಿದ.
ಗಣಿತದ ಪುಸ್ತಕಕ್ಕೆ ಹಾಕಿದ್ದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ತಂದ.
ಗಾಳಿಗುಳ್ಳೆಯಿಲ್ಲದಂತೆ ಬೆರಳಲ್ಲಿ ನೀವಿ
ಅಂಚಿಗೆ ಟೇಪು ಹಚ್ಚಿದೆವು.

ಆಯಿತಾ? ಎಂದ ಐದು ನಿಮಿಷಕ್ಕೆ.
ಆಯಿತಾ? ಎಂದ ಹತ್ತಕ್ಕೆ, ಬೆರಳು ಚಾಚಿ.
ದೋಣಿ ಮುಟ್ಟಬೇಡ, ಬಟ್ಟಲು ಮುಟ್ಟಿ ನೋಡು ಎಂದೆ.
ಕಲಸಿ ಉಳಿದದ್ದು ಅದರಲ್ಲಿ ಬೆಚ್ಚಗಾಗುತ್ತಿತ್ತು,
ಹೊಸದಾಗಿಟ್ಟ ಮೊಟ್ಟೆಯ ಹಾಗೆ.
ಬಟ್ಟಲನ್ನು ಎರಡು ಅಂಗೈಯಲ್ಲಿ ಹಿಡಿದು ಕೂತ.

"ಆ ಬಂಡೆ ನಕ್ಷೆಯಲ್ಲಿ ಇಲ್ಲ,"
ಎಂದ ಸ್ವಲ್ಪ ಹೊತ್ತಿಗೆ, ಬಟ್ಟಲಿಗೆ.
ಇದೆ, ಎಂದೆ.
ನೀನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆ.

ಮರುದಿನ ನೀರು ಹಾಕಿ ಉಜ್ಜಿದೆವು,
ನಾನೂರು, ಎಂಟುನೂರು, ಸಾವಿರದೈನೂರು,
ಕಾಗದ ನುಣುಪಾದಷ್ಟೂ ಮಾತು ಕಡಿಮೆ.
ಈಗ ಸಂಜೆಯ ಓರೆಬೆಳಕಿಗೆ ಮಾತ್ರ ಕಾಣುತ್ತದೆ,
ಅದೂ ತಲೆ ಬಾಗಿಸಿದರೆ.

ಡಬ್ಬಿಯಲ್ಲಿ ಇನ್ನೂ ಎಷ್ಟೊಂದು ಉಳಿದಿದೆ.
ಅಕ್ಟೋಬರಿಗೆ ಕೆಡುತ್ತದೆ,
ಅಷ್ಟರೊಳಗೆ ಇನ್ನೊಂದು ಬಂಡೆ ಹುಡುಕಬೇಕು ಎಂದೆ.
ಅವನು ನಗಲಿಲ್ಲ.
ಕೀಲಿ ಯಾವ ಮೊಳೆಯಲ್ಲಿ ತೂಗುತ್ತಿದೆ ಎಂದು
ಮೆಲ್ಲಗೆ ನೋಡಿಕೊಂಡ.