ನಿಂತ ಆನೆಗೆ ಮೂರು ಹಾಳೆ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ,
ಹೊಲಿಗೆಯಂಗಡಿಯ ಅಟ್ಟದಲ್ಲಿ
ನಮ್ಮ ಆನೆ ಹುಟ್ಟಿತು.
ಮೇಜಿಗೆ ಹಾಸಿದ್ದು ಹಳೇ ಬಸ್ಸಿನ ಕಿಟಕಿ ಗಾಜು,
ಅಡಿಯಲ್ಲೊಂದು ಟ್ಯೂಬ್‌ಲೈಟು.
ಗಾಜಿನ ಮೂಲೆಯಲ್ಲಿ ಇನ್ನೂ ಓದಬಹುದಿತ್ತು:
'ಕೈ, ತಲೆ ಹೊರಗೆ ಹಾಕಬಾರದು.'
ಆರು ತಿಂಗಳು ಅದರ ಮೇಲೇ ಇಟ್ಟಿದ್ದೆವು
ಕೈಯನ್ನೂ, ತಲೆಯನ್ನೂ.

ಮುಖ್ಯ ಹಾಳೆಗಳು ಪಳಂಗಪ್ಪನವರವು:
ಆನೆ ಕಾಲೆತ್ತುವುದು, ಆನೆ ಕಾಲಿಡುವುದು.
ಎತ್ತಿದ್ದಕ್ಕೂ ಇಟ್ಟದ್ದಕ್ಕೂ ನಡುವೆ ಇರುವುದೆಲ್ಲ
ನನ್ನ ಪಾಲು.
ಕೊನೆಗೆ ಹೆಸರುಗಳು ಓಡುವಾಗ ನನ್ನದು
ಚಾ ತರುತ್ತಿದ್ದ ಅಶ್ರಫನಿಗಿಂತ ಎರಡು ಸಾಲು ಮೇಲೆ.

ಸೆಕೆಂಡಿಗೆ ಹನ್ನೆರಡು ಚಿತ್ರ.
ಒಂದು ಸೀನಿಗೆ
(ಮೂಗಿನ ಸೀನು, ಸಿನಿಮಾದ್ದಲ್ಲ)
ಏಳು.
ಹೂಮಳೆಗೆ ಹಿಡಿದ ಪೆನ್ಸಿಲನ್ನು
ಕೈಲ್‌ಪೊಳ್ದಿಗೆ ಕೆಳಗಿಟ್ಟು ಲೆಕ್ಕ ಹಾಕಿದೆ:
ನಲವತ್ತೊಂದು ಸೆಕೆಂಡು.
ಹರಿದು ಒಲೆಗೆ ಹಾಕಿದ್ದನ್ನು ಸೇರಿಸಿಲ್ಲ.

ಕತೆಯ ಹುಡುಗಿಯನ್ನು ನಡೆಸುವುದೇ ಒಂದು ಪಾಡು.
ನಮ್ಮ ಸೀರೆಗೆ ನೆರಿಗೆ ಬೆನ್ನ ಹಿಂದೆ ತಾನೇ.
'ನಡೆದು ನೋಡು ಮುತ್ತಕ್ಕಿ' ಎಂದರು.
ಸಂತೆಯ ದಿನ, ಇದ್ದಬದ್ದವರ ಮುಂದೆ
ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡೇ ನಡೆದೆ;
ಮೀನಿನ ಬುಟ್ಟಿಗೆ ಎಡವಿದೆ; ಆದರೂ ಕಂಡುಕೊಂಡೆ.
ಮೈ ನಿಂತ ಮೇಲೂ ನೆರಿಗೆ ನಡೆಯುತ್ತಿರುತ್ತದೆ.
ನಿಂತ ಸುದ್ದಿ ಅದಕ್ಕೆ ತಲುಪಲು
ಮೂರು ಹಾಳೆ ಬೇಕು.

ಕಾಡಿಗೆ ಮೂರು ಗಾಜು, ಒಂದರ ಮೇಲೊಂದು,
ನಡುವೆ ಗೇಣು ಗೇಣು ಗಾಳಿ:
ಕೆಳಗೆ ಬೆಟ್ಟ, ನಡುವೆ ಬಿದಿರು,
ಕ್ಯಾಮೆರಾಕ್ಕೆ ಮೂಗು ತಾಗುವಂತೆ ಒಂದು ಕಾಫಿ ರೆಂಬೆ.
ರೆಂಬೆ ಬೇಗ ಸರಿಯಿತು, ಬಿದಿರು ನಿಧಾನ,
ಬೆಟ್ಟ ಸರಿದೇ ಇಲ್ಲ ಅನ್ನುವಷ್ಟು.
ಮಂಜನ್ನು ಮಾತ್ರ ಯಾರೂ ಬರೆಯಲಿಲ್ಲ.
ಅಲ್ಲಲ್ಲಿ ಕಾಗದವನ್ನು ಬರೆಯದೆ ಬಿಟ್ಟೆವು,
ಅದೇ ಬಂದು ಕೂತಿತು.

ಓಡುವ ಆನೆಯೇ ಕಷ್ಟ ಅಂದುಕೊಂಡಿದ್ದೆ.
ಅಲ್ಲ, ನಿಂತದ್ದು.
ಒಂದೇ ಚಿತ್ರ ಇಟ್ಟರೆ ಆನೆ ಅಲ್ಲೇ ಸತ್ತು
ಸೊಸೈಟಿಯವರ ಕ್ಯಾಲೆಂಡರಿಗೆ ಹೋಗುತ್ತದೆ.
'ಅದನ್ನೇ ಮೂರು ಸಲ ಬರಿ, ಗೆರೆಯ ಮೇಲೆ ಗೆರೆ.'
'ಮೂರೂ ಒಂದೇ ಥರ ಬಂದುಬಿಟ್ಟರೆ?'
'ಬರಲ್ಲ.'

ಬರಲಿಲ್ಲ.
ಮೊದಲನೆಯದು ಬೆಳಗಿನ ಕೈ,
ಎರಡನೆಯದು ಪಂದಿಕರಿ ಉಂಡು ಭಾರವಾದ ಕೈ,
ಮೂರನೆಯ ಹೊತ್ತಿಗೆ ಕರೆಂಟು ಹೋಗಿ
ಟಾರ್ಚನ್ನು ಹಲ್ಲಲ್ಲಿ ಕಚ್ಚಿದ್ದೆ.
ಬೆನ್ನಿನ ಗೆರೆ ಕೂದಲೆಳೆ ಮೇಲೆ, ಕೂದಲೆಳೆ ಕೆಳಗೆ.
ಬೆರಳ ಸಂದಿಯಲ್ಲಿ ಹಾಳೆಗಳನ್ನು ಮಗುಚಿದೆ:
ಒಂದು ಎರಡು ಮೂರು, ಎರಡು ಒಂದು,
ಎರಡು, ಮೂರು...

ಉಸಿರಾಡಿತು.
ನನ್ನ ಕೈ ತಪ್ಪಿದ್ದೆಲ್ಲ ಅದರ ಪಕ್ಕೆಯೊಳಗೆ ಹೋಗಿ
ಗಾಳಿಯಾಗಿತ್ತು.

ಗೋಣಿಕೊಪ್ಪಲಿನ ಮದುವೆ ಹಾಲಿನಲ್ಲಿ ತೆರೆ ಕಟ್ಟಿದರು.
ಮತ್ತಿಗೋಡು ಕ್ಯಾಂಪಿನಿಂದ ಮಾವುತ ಚೆಲುವ ಬಂದಿದ್ದ,
ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತ.
ಹಿಂಡು ನುಗ್ಗಿತು, ಬಿದಿರು ಮುರಿಯಿತು, ಧೂಳೆದ್ದಿತು;
ಮಕ್ಕಳು ಕುರ್ಚಿಯ ಮೇಲೆ ನಿಂತು ಕೂಗಿದವು.
ಚೆಲುವ ಸುಣ್ಣ ಹಚ್ಚಿಕೊಂಡ.
ಆಮೇಲೆ ಹೊಳೆಯ ದಂಡೆಗೆ ಬಂದು
ಏನೂ ಮಾಡದೆ
ಆನೆ ಸುಮ್ಮನೆ ನಿಂತಾಗ
ಅವನ ದವಡೆ ನಿಂತಿತು.
ಗಂಟಲಲ್ಲಿ ಒಂದು ಸದ್ದು ಮಾಡಿದ,
ರಾತ್ರಿ ಬೆದರಿದ ಆನೆಗೆ ಮಾತ್ರ ಮಾಡುವಂಥದ್ದು,
ತೆರೆಯ ಕಡೆಗೆ, ಮೆಲ್ಲಗೆ.

ಹೊರಗೆ ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದ.
ಹೊಗಳುತ್ತಾನೆಂದು ತಟ್ಟೆ ಹಿಡಿದು ಕಾದೆ.
'ಅವ್ವಾ, ಎಲ್ಲ ಸರಿ.
ಹೊಳೆ ಹತ್ತುವಾಗ ಒಂದೇ ಒಂದು ಚಣ
ಬಾಲ ಎಲ್ಲಿಗೆ ಹೋಗಿತ್ತು?'

ನೂರಾರನೆಯ ಹಾಳೆ.
ಪಳಂಗಪ್ಪನವರಿಗೂ ಹೇಳಿರಲಿಲ್ಲ.